ಸ್ಟ್ರಯೇಟಮ್‌ನ ಡೋಪಮೈನ್ ನರಕೋಶಗಳು: ಅಧ್ಯಯನದ ಇತಿಹಾಸ

ಸ್ಟ್ರಯೇಟಮ್ ಎಂಬುದು ಸಸ್ತನಿಗಳ ಮಿದುಳಿನ ಆಳದಲ್ಲಿ ಚಲನೆ, ಅಭ್ಯಾಸ ಹಾಗೂ ಪ್ರೇರಣೆಯನ್ನು ನಿರ್ವಹಿಸುವ ಭಾಗ. ಅದಕ್ಕೆ ಡೋಪಮೈನ್ ಎಂಬ ಸಂದೇಶವಾಹಕ ರಾಸಾಯನಿಕ ಬರುವುದು ಮುಖ್ಯವಾಗಿ ನಡುಮಿದುಳಿನ ಸಬ್‌ಸ್ಟಾನ್ಷಿಯ ನೈಗ್ರ ಹಾಗೂ ಅದರ ನೆರೆಯ ನರಕೋಶಗಳು ಚಾಚಿದ ಉದ್ದನೆಯ ತಂತುಗಳ ಮೂಲಕ. ಸ್ಟ್ರಯೇಟಮ್‌ನ ಒಳಗೇ ಇರುವ ಬಹುಪಾಲು ಕೋಶಗಳು ಡೋಪಮೈನ್ ತಯಾರಿಸುವುದಿಲ್ಲ, ಸ್ವೀಕರಿಸುತ್ತವೆ.

ಆರಂಭ
ಪಟ್ಟೆಪಟ್ಟೆಯಾಗಿ ಕಂಡ ಈ ಭಾಗವನ್ನು 1664ರಲ್ಲಿ ಥಾಮಸ್ ವಿಲ್ಲಿಸ್ ವರ್ಣಿಸಿದರು. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ನಡುಗುವ ಕಾಯಿಲೆಯ ಲಕ್ಷಣಗಳನ್ನು ದಾಖಲಿಸಿದರು. ಆಯುರ್ವೇದದಲ್ಲಿ ಇದನ್ನು ಹೋಲುವ ಬೇನೆಗೆ ಕಂಪವಾತ ಎಂಬ ಹೆಸರಿದೆ. ಪಾರ್ಕಿನ್ಸನ್ ಹೆಸರು ಪಡೆದ ಈ ಕಾಯಿಲೆಯಲ್ಲಿ ನೈಗ್ರದ ಕಪ್ಪು ಕೋಶಗಳು ನಶಿಸಿರುತ್ತವೆಂದು 1919ರಲ್ಲಿ ತ್ರೆತ್ಯಾಕೋಫ್ ತೋರಿಸಿದರು.

ಎರಡು ಗಿಡಗಳು
ಮುಂದಿನ ದಾರಿ ತೆರೆದ ಎರಡು ರಾಸಾಯನಿಕಗಳೂ ನಮ್ಮ ನೆಲದ ಗಿಡಗಳಲ್ಲಿವೆ. ಸರ್ಪಗಂಧದ ಬೇರಿನಿಂದ ರೆಸರ್ಪಿನ್ ಅನ್ನು 1952ರಲ್ಲಿ ಬೇರ್ಪಡಿಸಲಾಯಿತು. ಮೈಗೆ ತಾಗಿದರೆ ತುರಿಸುವ ನಸುಗುನ್ನಿಯ ಬೀಜದಲ್ಲಿ ಎಲ್-ಡೋಪಾ ಇರುವುದನ್ನು ಮದರಾಸಿನ ಎಂ. ದಾಮೋದರನ್ ಮತ್ತು ಆರ್. ರಾಮಸ್ವಾಮಿ 1937ರಲ್ಲೇ ಕಂಡುಕೊಂಡಿದ್ದರು. 1957ರಲ್ಲಿ ಸ್ವೀಡನ್ನಿನ ಅರ್ವಿದ್ ಕಾರ್ಲ್ಸನ್ ಮತ್ತು ಸಂಗಡಿಗರು ರೆಸರ್ಪಿನ್ ಕೊಟ್ಟಾಗ ಮೊಲಗಳು ಅಲುಗಾಡದೆ ಕುಳಿತವು. ಡೋಪಾ ಕೊಟ್ಟಾಗ ಮತ್ತೆ ಚೇತರಿಸಿಕೊಂಡವು. ಒಂದು ಬರಿದು ಮಾಡಿದ ಡೋಪಮೈನನ್ನು ಇನ್ನೊಂದು ತುಂಬಿಕೊಟ್ಟಿತ್ತು.

ಮಿದುಳಿನ ಡೋಪಮೈನ್ ಹೆಚ್ಚಾಗಿ ಸ್ಟ್ರಯೇಟಮ್‌ನಲ್ಲೇ ಇದೆಯೆಂದು 1959ರಲ್ಲಿ ಬೆರ್ಟ್ಲರ್ ಮತ್ತು ರೋಸೆನ್‌ಗ್ರೆನ್ ತೋರಿಸಿದರು. ಮರುವರ್ಷ ವಿಯೆನ್ನಾದಲ್ಲಿ ಎಹ್ರಿಂಗರ್ ಮತ್ತು ಹಾರ್ನಿಕೀವಿಚ್, ಪಾರ್ಕಿನ್ಸನ್ ಕಾಯಿಲೆಯಿಂದ ತೀರಿಕೊಂಡವರ ಸ್ಟ್ರಯೇಟಮ್‌ನಲ್ಲಿ ಅದು ತೀರಾ ಕಡಿಮೆಯಾಗಿರುವುದನ್ನು ಪ್ರಕಟಿಸಿದರು. 1961ರಲ್ಲಿ ರೋಗಿಗಳಿಗೆ ಎಲ್-ಡೋಪಾ ಕೊಡಲಾಯಿತು. 1967ರಲ್ಲಿ ಕೋಟ್ಸಿಯಾಸ್ ಅದನ್ನು ನಿತ್ಯದ ಚಿಕಿತ್ಸೆಯ ಹಂತಕ್ಕೆ ತಂದರು. ಕಾರ್ಲ್ಸನ್ 2000ದ ನೊಬೆಲ್ ಪ್ರಶಸ್ತಿಗೆ ಪಾಲುದಾರರಾದರು.

ಕೋಶಗಳ ನಕ್ಷೆ
ಫಾಲ್ಕ್ ಮತ್ತು ಹಿಲ್ಲಾರ್ಪ್ 1962ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಫಾರ್ಮಾಲ್ಡಿಹೈಡ್ ಆವಿ ತಾಗಿದ ಡೋಪಮೈನ್ ಕೋಶಗಳು ಸೂಕ್ಷ್ಮದರ್ಶಕದಡಿ ಹೊಳೆದವು. ಅದನ್ನೇ ಬಳಸಿ ಡಾಲ್‌ಸ್ಟ್ರೋಮ್ ಮತ್ತು ಫುಕ್ಸೆ 1964ರಲ್ಲಿ ಇಂಥ ಕೋಶಗಳ ಗುಂಪುಗಳಿಗೆ ಸಂಖ್ಯೆ ಕೊಟ್ಟರು. ನೈಗ್ರದ ಗುಂಪು ಎ9. ಡೋಪಮೈನ್ ಗ್ರಾಹಕಗಳು ಡಿ1, ಡಿ2 ಎಂದು ಎರಡು ಬಗೆಯೆಂಬ ವರ್ಗೀಕರಣ 1979ರಲ್ಲಿ ಬಂತು.

1987ರಲ್ಲಿ ಕೋತಿಗಳ ಸ್ಟ್ರಯೇಟಮ್‌ನೊಳಗೇ ಡೋಪಮೈನ್ ತಯಾರಿಕೆಯ ಕಿಣ್ವವಿರುವ ಕೆಲವು ಕೋಶಗಳು ಪತ್ತೆಯಾದವು. ಹೊರಗಿನ ಪೂರೈಕೆ ನಿಂತಾಗ ಇವು ಹೆಚ್ಚುತ್ತವೆಂದು 1997ರಲ್ಲಿ ತಿಳಿದಾಗ, ಮಿದುಳು ತನ್ನನ್ನು ತಾನೇ ಸರಿಪಡಿಸಿಕೊಳ್ಳಬಹುದೆಂಬ ಆಸೆ ಮೂಡಿತು. ಆದರೆ 2015ರ ಅಧ್ಯಯನವೊಂದು, ಇಲಿಗಳಲ್ಲಿ ಈ ಕೋಶಗಳು ಹೊರಸೂಸುವುದು ಡೋಪಮೈನನ್ನಲ್ಲ, ಗಾಬಾ ಎಂಬ ಬೇರೊಂದು ರಾಸಾಯನಿಕವನ್ನು ಎಂದು ತೋರಿಸಿತು.

ಬೆಂಗಳೂರಿನ ಕೊಡುಗೆ
ನಿಮ್ಹಾನ್ಸ್‌ನಲ್ಲಿ ಎಸ್.ಕೆ. ಶಂಕರ್ ಅವರ ನೇತೃತ್ವದಲ್ಲಿ 1995ರಲ್ಲಿ ಮಾನವ ಮಿದುಳು ಬ್ಯಾಂಕ್ ಆರಂಭವಾಯಿತು. ಉದಯ ಮುತ್ತಣೆ, ಟಿ.ಸಿ. ಯಶಾ ಮತ್ತು ಶಂಕರ್ 1998ರಲ್ಲಿ ಪ್ರಕಟಿಸಿದ ಎಣಿಕೆ ಅಚ್ಚರಿ ತಂದಿತು: ಭಾರತೀಯರ ಆರೋಗ್ಯವಂತ ಮಿದುಳಿನಲ್ಲಿ ನೈಗ್ರದ ಕಪ್ಪು ಕೋಶಗಳು ಪಾಶ್ಚಾತ್ಯರಿಗಿಂತ ಕಡಿಮೆ, ಆದರೆ ವಯಸ್ಸಾದಂತೆ ಕ್ಷಯಿಸುವುದಿಲ್ಲ. ಫಾಲ್ಗುಣಿ ಅಲ್ಲಾಡಿ ಮತ್ತು ಸಹೋದ್ಯೋಗಿಗಳ 2009ರ ಅಧ್ಯಯನವೂ ಇದನ್ನು ಬೆಂಬಲಿಸಿತು. ಪಶ್ಚಿಮದ ಮಿದುಳುಗಳನ್ನಷ್ಟೇ ನೋಡಿ ಮನುಕುಲಕ್ಕೆಲ್ಲ ನಿಯಮ ಬರೆಯಲಾಗದೆಂಬ ಪಾಠ ಇದು. ವಿಯೆನ್ನಾದಲ್ಲಿರಲಿ, ಬೆಂಗಳೂರಿನಲ್ಲಿರಲಿ, ಈ ತಿಳಿವು ಹುಟ್ಟಿದ್ದು ತೀರಿಕೊಂಡವರ ಮಿದುಳಿನಿಂದ. ದುಃಖದ ಗಳಿಗೆಯಲ್ಲೂ ಮಿದುಳು ದಾನಕ್ಕೆ ಒಪ್ಪುವ ಕುಟುಂಬಗಳಿಗೆ ಈ ಇತಿಹಾಸ ಋಣಿ.