ಚೀನಾದ ರಣರಂಗದಲ್ಲಿ ಸೊಲ್ಲಾಪುರದ ವೈದ್ಯ

ಡಾ. ದ್ವಾರಕಾನಾಥ ಕೋಟ್ನೀಸ್ (1910–1942)

ಮರಾಠಿಯ ಜೊತೆಗೆ ಕನ್ನಡವೂ ಮನೆಮಾತಾಗಿರುವ ಗಡಿನಾಡು ಸೊಲ್ಲಾಪುರ ಇವರ ಹುಟ್ಟೂರು. ಜಪಾನಿನ ದಾಳಿಗೆ ತುತ್ತಾದ ಚೀನಾಕ್ಕೆ 1938ರಲ್ಲಿ ಭಾರತದ ರಾಷ್ಟ್ರೀಯ ಕಾಂಗ್ರೆಸ್ ಐವರು ವೈದ್ಯರನ್ನು ಕಳಿಸಿತು. ಅವರಲ್ಲಿ 28 ತುಂಬದ ಕೋಟ್ನೀಸ್ ಒಬ್ಬರು. ಅಲ್ಲಿದ್ದಾಗಲೇ ತಂದೆ ತೀರಿಕೊಂಡ ಸುದ್ದಿ ಬಂತು. ಆದರೂ ಗಾಯಾಳುಗಳನ್ನು ಬಿಟ್ಟು ಊರಿಗೆ ಮರಳಲಿಲ್ಲ.

1940ರಲ್ಲಿ, ಯುದ್ಧ ತೀವ್ರವಾಗಿದ್ದಾಗ, ಒಮ್ಮೆ ಸತತ 72 ಗಂಟೆ ನಿದ್ದೆಯಿಲ್ಲದೆ ಶಸ್ತ್ರಚಿಕಿತ್ಸೆ ನಡೆಸಿದರು. ಚೀನೀ ಭಾಷೆ ಕಲಿತು ರೋಗಿಗಳೊಡನೆ ಅವರ ಮಾತಿನಲ್ಲೇ ಮಾತಾಡಿದರು. ಕೆನಡಾದ ವೈದ್ಯ ನಾರ್ಮನ್ ಬೆತೂನ್ ಹೆಸರಿನ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು.

ಆ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಗುವೊ ಚಿಂಗ್‌ಲಾನ್ ಅವರನ್ನು ಕೋಟ್ನೀಸ್ 1941ರಲ್ಲಿ ಮದುವೆಯಾದರು. ಮರುವರ್ಷ ಹುಟ್ಟಿದ ಮಗನಿಗೆ ಇಟ್ಟ ಹೆಸರು ಯಿನ್‌ಹುವಾ: ‘ಯಿನ್’ ಭಾರತ, ‘ಹುವಾ’ ಚೀನಾ. ಮಗುವಿಗೆ ಕೆಲವೇ ತಿಂಗಳಾಗಿದ್ದಾಗ, 1942ರ ಡಿಸೆಂಬರ್ 9ರಂದು, ಮೂರ್ಛೆರೋಗದಿಂದ ಕೋಟ್ನೀಸ್ ತೀರಿಕೊಂಡರು. ಆಗ ಅವರಿಗೆ 32 ವರ್ಷ.

ವಿ. ಶಾಂತಾರಾಮ್ 1946ರಲ್ಲಿ ಇವರ ಬದುಕನ್ನು ಸಿನಿಮಾ ಮಾಡಿದರು. ಗುವೊ 2012ರವರೆಗೆ ಬದುಕಿದ್ದರು. ಕೋಟ್ನೀಸರ ಸಮಾಧಿ ಚೀನಾದ ಶಿಜಿಯಾಝ್ವಾಂಗ್ ನಗರದ ಹುತಾತ್ಮರ ಸ್ಮಾರಕದಲ್ಲಿದೆ.