ಸೇವಾ ಸಂಸ್ಥೆಯಲ್ಲಿ ದುಡಿದವರು ಹಕ್ಕು ಕೇಳಬಹುದಾ? ಎಪ್ಪತ್ತು ವರ್ಷಗಳ ಒಂದು ಪ್ರಶ್ನೆ

ಟ್ರಸ್ಟ್ ಆಸ್ಪತ್ರೆ, ಸಂಘದ ಶಾಲೆ, ಗೋಶಾಲೆ, ವೃದ್ಧಾಶ್ರಮ, ಜಲಾನಯನ ಯೋಜನೆ ನಡೆಸುವ ಸ್ವಯಂಸೇವಾ ಸಂಸ್ಥೆ. ನಮ್ಮ ಹಳ್ಳಿಗಳಿಂದ ಇಂಥ ಕಡೆ ಕೆಲಸಕ್ಕೆ ಹೋಗುವವರು ಬಹಳ ಜನ. ಆಯಾ, ಡ್ರೈವರ್, ಅಡುಗೆಯವರು, ಕ್ಷೇತ್ರ ಕಾರ್ಯಕರ್ತರು, ಲೆಕ್ಕ ಬರೆಯುವವರು, ಮೇಷ್ಟ್ರು. ಕೆಲಸ ಸರಿಯಾಗಿ ನಡೆಯುವವರೆಗೆ ಯಾರೂ ಏನೂ ಕೇಳುವುದಿಲ್ಲ. ಕೆಲಸ ಹೋದ ದಿನ ಮಾತು ಶುರುವಾಗುತ್ತದೆ. 'ನೋಟಿಸ್ ಕೊಡಲಿಲ್ಲ, ಪರಿಹಾರ ಕೊಡಲಿಲ್ಲ' ಎಂದು ಇವರು. 'ಇದು ಕಾರ್ಖಾನೆ ಅಲ್ಲ, ಸೇವೆ. ನಾವೇನು ಲಾಭ ಮಾಡುತ್ತೀವಾ?' ಎಂದು ಅವರು.

ಈ ಜಗಳ ಹೊಸದಲ್ಲ. ದೇಶದ ನ್ಯಾಯಾಲಯಗಳು ಇದೇ ಪ್ರಶ್ನೆಗೆ ಒಮ್ಮೆ ಹೌದು, ಒಮ್ಮೆ ಅಲ್ಲ, ಮತ್ತೆ ಹೌದು ಎಂದಿವೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ತೀರ್ಪು ಹುಟ್ಟಿದ್ದು ನಮ್ಮ ಬೆಂಗಳೂರಿನ ಒಂದು ಸಣ್ಣ ದಂಡದಿಂದ. ಸಂಸ್ಥೆ ನಡೆಸುವವರಿಗೂ ಅಲ್ಲಿ ದುಡಿಯುವವರಿಗೂ ಬೇಕಾದ ಕಥೆ ಇದು. ಅದಕ್ಕೇ ಮೊದಲಿಂದ ಹೇಳುತ್ತೇವೆ.

ಒಂದು ಪದದ ಮೇಲೆ ನಿಂತ ಕಾನೂನು

ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳ ಮುಂಚೆ, 1947ರ ಏಪ್ರಿಲ್ 1ರಂದು ಕೈಗಾರಿಕಾ ವಿವಾದಗಳ ಕಾಯ್ದೆ ಜಾರಿಗೆ ಬಂತು. ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕನನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡಬೇಕು, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕು ಎಂಬ ನಿಯಮಗಳು ಆಮೇಲೆ ಇದೇ ಕಾಯ್ದೆಗೆ ಸೇರಿದವು. ಆದರೆ ಇವೆಲ್ಲ ಸಿಗುವುದು ಕೆಲಸದ ಜಾಗ 'ಕೈಗಾರಿಕೆ' ಆಗಿದ್ದರೆ ಮಾತ್ರ. ಕೈಗಾರಿಕೆ ಅಂದರೆ ಏನು? ಕಾಯ್ದೆಯಲ್ಲಿ ವ್ಯಾಪಾರ, ಉದ್ಯಮ, ತಯಾರಿಕೆ, ಸೇವೆ ಎಂದೆಲ್ಲ ಪದಗಳಿದ್ದವು. ಗಡಿ ಎಲ್ಲಿ ಎಂದು ಬರೆದಿರಲಿಲ್ಲ.

1953ರಲ್ಲಿ ಬಂಗಾಳದ ಬಜ್‌ಬಜ್ ಪುರಸಭೆಯ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಹೆಡ್ ಕ್ಲಾರ್ಕ್ ಮತ್ತು ನೈರ್ಮಲ್ಯ ಇನ್‌ಸ್ಪೆಕ್ಟರ್ ಇಬ್ಬರನ್ನು ಕೆಲಸದಿಂದ ತೆಗೆದಿದ್ದರು. ಪುರಸಭೆ ಲಾಭಕ್ಕೆ ನಡೆಯುವುದಲ್ಲ, ನಿಜ. ಆದರೂ ಕೋರ್ಟು ಇದು ಕೈಗಾರಿಕಾ ವಿವಾದವೇ ಎಂದಿತು.

1960ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಗಳ ಪ್ರಕರಣ. ಇಬ್ಬರು ಹೆಣ್ಣುಮಕ್ಕಳು ಅಲ್ಲಿ ವಾರ್ಡಿನ ಕೆಲಸ ಮಾಡುತ್ತಿದ್ದರು. ಅವರನ್ನು ತೆಗೆದು, ಬೇರೆ ಇಲಾಖೆಯಲ್ಲಿ ಕೆಲಸ ಕಳೆದುಕೊಂಡವರನ್ನು ಆ ಜಾಗಕ್ಕೆ ಹಾಕಿದರು. ಪರಿಹಾರ ಕೊಡಲಿಲ್ಲ. ರೋಗಿಗಳ ಸೇವೆ ಮಾಡುವ ಆಸ್ಪತ್ರೆ ಕೈಗಾರಿಕೆ ಹೇಗಾಗುತ್ತದೆ ಎಂಬುದು ಸರ್ಕಾರದ ವಾದ. ಆಗುತ್ತದೆ ಎಂದಿತು ಸುಪ್ರೀಂ ಕೋರ್ಟು. ಪರಿಹಾರ ಕೊಡದೆ ತೆಗೆದದ್ದು ತಪ್ಪು ಎಂದೂ ಹೇಳಿತು.

ಗಾಳಿ ತಿರುಗಿತು

ಮೂರೇ ವರ್ಷದಲ್ಲಿ ಮಾತು ಬದಲಾಯಿತು. ದೆಹಲಿ ವಿಶ್ವವಿದ್ಯಾಲಯದ ಮಹಿಳಾ ಕಾಲೇಜಿಗೆ ವಿದ್ಯಾರ್ಥಿನಿಯರನ್ನು ಕರೆತರಲು ಬಸ್ಸುಗಳಿದ್ದವು. ನಷ್ಟವಾಗುತ್ತಿದೆ ಎಂದು ಬಸ್ಸು ನಿಲ್ಲಿಸಿ ಚಾಲಕರನ್ನು ತೆಗೆದರು. ಚಾಲಕರು ಪರಿಹಾರ ಕೇಳಿದರು. 1963ರಲ್ಲಿ ಸುಪ್ರೀಂ ಕೋರ್ಟು ಶಿಕ್ಷಣ ಕೈಗಾರಿಕೆ ಅಲ್ಲ ಎಂದಿತು. ಸ್ಟೇರಿಂಗ್ ಹಿಡಿದವನು ಪಾಠ ಮಾಡುತ್ತಿರಲಿಲ್ಲ. ಆದರೂ ಕಾಲೇಜಿನ ಹೆಸರೇ ಅವನ ಹಕ್ಕಿಗೆ ಅಡ್ಡ ಬಂತು.

1970ರಲ್ಲಿ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಪ್ರಕರಣ. ಅದರ ಜೊತೆಗೇ ಪಟ್ನಾದ ಕುರ್ಜಿ ಹೋಲಿ ಫ್ಯಾಮಿಲಿ ಎಂಬ ಧರ್ಮಾರ್ಥ ಆಸ್ಪತ್ರೆಯ ಪ್ರಕರಣವೂ ಇತ್ತು. ಇವು ಕೈಗಾರಿಕೆಗಳಲ್ಲ ಎಂದು ತೀರ್ಪಾಯಿತು. ಹತ್ತು ವರ್ಷದ ಹಿಂದೆ ಜೆ.ಜೆ. ಆಸ್ಪತ್ರೆಯ ಹೆಣ್ಣುಮಕ್ಕಳಿಗೆ ಸಿಕ್ಕ ಬಾಗಿಲು ಇವರಿಗೆ ಮುಚ್ಚಿತು.

ಮರುವರ್ಷ ಇನ್ನೊಂದು ತಿರುವು. ಮುಂಬೈಯ ಭುಲೇಶ್ವರದಲ್ಲಿ ಪಿಂಜ್ರಾಪೋಲ್ ಇದೆ. ಮುದಿ ದನ, ಕುಂಟು ದನ, ಯಾರಿಗೂ ಬೇಡವಾದ ಪ್ರಾಣಿಗಳನ್ನು ಸಾಕುವ ಜಾಗ, ನಮ್ಮ ಗೋಶಾಲೆಗಳ ಹಾಗೆ. ಕಾಲಕ್ರಮದಲ್ಲಿ ಅಲ್ಲಿ ಹಾಲು ಕೊಡುವ ಹಸುಗಳೂ ಸೇರಿ, ಹಾಲು ಮಾರಾಟ ದೊಡ್ಡದಾಗಿ ನಡೆಯಿತು. ಧರ್ಮಕ್ಕೆ ಶುರುವಾದರೂ ಈಗ ನಡೆಯುವುದು ವ್ಯವಹಾರದ ರೀತಿಯಲ್ಲಿ, ಆದ್ದರಿಂದ ಇದು ಕೈಗಾರಿಕೆ ಎಂದಿತು ಕೋರ್ಟು.

ಹೀಗೆ ಒಂದೊಂದು ತೀರ್ಪು ಒಂದೊಂದು ದಿಕ್ಕು. ವಕೀಲರಿಗೇ ಗೊಂದಲ ಎಂದಮೇಲೆ ಒಂದು ಊರಿನ ಸಂಘದ ಕಾರ್ಯದರ್ಶಿಗೆ ಏನು ತಿಳಿಯಬೇಕು?

ಬೆಂಗಳೂರಿನ ದಂಡ, ದೇಶದ ತೀರ್ಪು

ಬೆಂಗಳೂರಿಗೆ ಕುಡಿಯುವ ನೀರು ಕೊಡುವ ಜಲಮಂಡಳಿ 1964ರ ಕಾಯ್ದೆಯಿಂದ ಆದದ್ದು. ಮಂಡಳಿ ತನ್ನ ಕೆಲವು ನೌಕರರಿಗೆ ದುರ್ವರ್ತನೆ ಎಂದು ದಂಡ ಹಾಕಿ ಹಣ ವಸೂಲು ಮಾಡಿತು. ತಮಗೆ ನ್ಯಾಯವಾಗಿ ಅವಕಾಶ ಕೊಡದೆ ಶಿಕ್ಷೆ ಹಾಕಿದ್ದಾರೆ, ಹಣ ವಾಪಸ್ ಕೊಡಿಸಿ ಎಂದು ನೌಕರರು 1972ರಲ್ಲಿ ಕಾರ್ಮಿಕ ನ್ಯಾಯಾಲಯಕ್ಕೆ ಹೋದರು.

ನಾವು ಜನರಿಗೆ ಮೂಲ ಸೌಕರ್ಯ ಕೊಡುವವರು, ಕೈಗಾರಿಕೆ ಅಲ್ಲ, ಈ ಕೋರ್ಟಿಗೆ ಕೇಳುವ ಅಧಿಕಾರವೇ ಇಲ್ಲ ಎಂದು ಮಂಡಳಿ ಆಕ್ಷೇಪ ಎತ್ತಿತು. ಕಾರ್ಮಿಕ ನ್ಯಾಯಾಲಯ ಒಪ್ಪಲಿಲ್ಲ. ಹೈಕೋರ್ಟಿನಲ್ಲೂ ಮಂಡಳಿ ಸೋತಿತು. ಕೊನೆಗೆ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಕೂತಿತು. 1978ರ ಫೆಬ್ರವರಿ 21ರಂದು ತೀರ್ಪು ಬಂತು. ವಕೀಲರ ಬಾಯಲ್ಲಿ ಇದು ಇಂದಿಗೂ 'ರಾಜಪ್ಪ ಕೇಸು'. ಮುಖ್ಯ ತೀರ್ಪು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಇಬ್ಬರು ನ್ಯಾಯಮೂರ್ತಿಗಳು ಭಿನ್ನಮತ ಬರೆದರು.

ತೀರ್ಪಿನ ತಿರುಳು ಸರಳ. ಕೆಲಸ ವ್ಯವಸ್ಥಿತವಾಗಿ ನಡೆಯುತ್ತದೆಯೇ? ಕೆಲಸ ಕೊಡುವವರೂ ಮಾಡುವವರೂ ಕೂಡಿ ನಡೆಸುತ್ತಾರೆಯೇ? ಜನರಿಗೆ ಬೇಕಾದ ವಸ್ತು ಅಥವಾ ಸೇವೆ ಅದರಿಂದ ಸಿಗುತ್ತದೆಯೇ? ಮೂರಕ್ಕೂ ಹೌದು ಎಂದಾದರೆ ಅದು ಕೈಗಾರಿಕೆ. ಲಾಭ ಇದೆಯೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ದೆಹಲಿ ಚಾಲಕರ ತೀರ್ಪು, ಸಫ್ದರ್‌ಜಂಗ್ ತೀರ್ಪು ಎರಡೂ ಅಂದು ಬಿದ್ದುಹೋದವು.

ಧರ್ಮಾರ್ಥ ಸಂಸ್ಥೆಗಳನ್ನು ತೀರ್ಪು ಮೂರಾಗಿ ಬೇರೆ ಮಾಡಿತು. ಒಂದು, ವ್ಯಾಪಾರ ಮಾಡಿ ಬಂದ ಲಾಭವನ್ನು ಧರ್ಮಕ್ಕೆ ಕೊಡುವ ಸಂಸ್ಥೆ. ಎರಡು, ಲಾಭವಿಲ್ಲದೆ ಬಡವರಿಗೆ ಕಡಿಮೆ ಬೆಲೆಗೆ ಅಥವಾ ಪುಕ್ಕಟೆ ಸೇವೆ ಕೊಡುವ, ಆದರೆ ಬೇರೆ ಕಡೆಯ ಹಾಗೇ ಸಂಬಳಕ್ಕೆ ಜನ ಇಟ್ಟುಕೊಂಡಿರುವ ಸಂಸ್ಥೆ. ಮೂರು, ದುಡಿಯುವವರೇ ಸಂಬಳಕ್ಕಲ್ಲದೆ ಆ ಧ್ಯೇಯಕ್ಕಾಗಿ ಬಂದಿರುವ ಸಂಸ್ಥೆ. ಬಿಡುವಿನ ವೇಳೆಯಲ್ಲಿ ಉಚಿತ ಚಿಕಿತ್ಸಾಲಯಕ್ಕೆ ಬರುವ ವೈದ್ಯರು, ಆಶ್ರಮವಾಸಿಗಳು ಈ ಸಾಲಿನವರು. ಮೊದಲ ಎರಡು ಕೈಗಾರಿಕೆ, ಮೂರನೆಯದು ಅಲ್ಲ.

ನಮಗೆ ಇಡೀ ತೀರ್ಪಿನಲ್ಲಿ ಮುಖ್ಯ ಅನಿಸುವುದು ಈ ವಿಂಗಡಣೆ. ದಾನ ಕೊಡುವವರ ಮನಸ್ಸು ದೊಡ್ಡದಿರಬಹುದು. ಆದರೆ ಆ ದಾನ ಅಡುಗೆಯವಳ ಸಂಬಳದಿಂದ ಕಿತ್ತುಕೊಟ್ಟದ್ದಾಗಬಾರದು. ತ್ಯಾಗ ಮಾಡುವುದಾದರೆ ತ್ಯಾಗ ಮಾಡುವವರೇ ಅದನ್ನು ಆರಿಸಿಕೊಂಡಿರಬೇಕು.

ತೀರ್ಪು ಬಂದಮೇಲೆ

ಎಲ್ಲರಿಗೂ ಎಲ್ಲವೂ ಸಿಗಲಿಲ್ಲ. ಗೋವಾದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ 1988ರಲ್ಲಿ ಸುಪ್ರೀಂ ಕೋರ್ಟು, ಶಾಲೆ ಕೈಗಾರಿಕೆ ಆದರೂ ಪಾಠ ಮಾಡುವವರು 'ಕಾರ್ಮಿಕ'ರಲ್ಲ ಎಂದಿತು. ಅದೇ ಶಾಲೆಯ ಜವಾನನಿಗೆ ಕಾರ್ಮಿಕ ನ್ಯಾಯಾಲಯದ ಬಾಗಿಲು ತೆರೆಯಿತು, ಮೇಷ್ಟ್ರಿಗೆ ಇಲ್ಲ. ಗ್ರಾಚುಟಿ ವಿಷಯದಲ್ಲೂ 2004ರಲ್ಲಿ ಶಿಕ್ಷಕರು ಸೋತರು. ಆಗ ಸಂಸತ್ತು 2009ರಲ್ಲಿ ಕಾನೂನು ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಶಿಕ್ಷಕರಿಗೂ ಗ್ರಾಚುಟಿ ಕೊಟ್ಟಿತು. ಖಾಸಗಿ ಶಾಲೆಗಳವರು ಅದನ್ನು ಪ್ರಶ್ನಿಸಿದರು. 2022ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಸಂಸತ್ತು 1982ರಲ್ಲೇ ಆಸ್ಪತ್ರೆ, ಶಾಲೆ, ಧರ್ಮಾರ್ಥ ಸಂಸ್ಥೆಗಳನ್ನು ಕೈಗಾರಿಕೆಯಿಂದ ಹೊರಗಿಡುವ ತಿದ್ದುಪಡಿ ಮಾಡಿತ್ತು. ಆ ಭಾಗ ಮಾತ್ರ ಜಾರಿಗೆ ಬರಲೇ ಇಲ್ಲ. 1984ರಲ್ಲಿ ಬಂದ ಇನ್ನೊಂದು ತಿದ್ದುಪಡಿ ಯೋಜನೆಗಳ ಮೇಲೆ ನಡೆಯುವ ಸಂಸ್ಥೆಗಳಿಗೆ ತುಂಬ ಮುಖ್ಯ. ಇಂತಿಷ್ಟೇ ಅವಧಿಗೆ ಎಂದು ಒಪ್ಪಂದ ಮಾಡಿಕೊಂಡಿದ್ದು, ಆ ಅವಧಿ ಮುಗಿದು ಮುಂದುವರಿಸದಿದ್ದರೆ ಅದು 'ತೆಗೆದುಹಾಕಿದ್ದು' ಆಗುವುದಿಲ್ಲ. ಅಂದರೆ ಅನುದಾನ ಮೂರು ವರ್ಷದ್ದಾದರೆ ಆ ಮಾತು ಸೇರುವ ದಿನವೇ ನೇಮಕಾತಿ ಪತ್ರದಲ್ಲಿ ಇರಬೇಕು. ಇದ್ದರೆ ಸಂಸ್ಥೆಗೂ ರಕ್ಷಣೆ, ಸೇರುವವರಿಗೂ ಮುಂಚೆಯೇ ಎಚ್ಚರ.

ಸಾಕ್ಷಿ ಯಾರ ಕೈಯಲ್ಲಿ?

ಸತತ ಕೆಲಸ ಎಂದು ಲೆಕ್ಕಕ್ಕೆ ಬರಲು ವರ್ಷದಲ್ಲಿ 240 ದಿನ ದುಡಿದಿರಬೇಕು. ಇದನ್ನು ತೋರಿಸಬೇಕಾದವರು ಯಾರು? ಕರ್ನಾಟಕದಿಂದ ಹೋದ ಎರಡು ಪ್ರಕರಣಗಳು ಇದಕ್ಕೆ ಉತ್ತರ ಕೊಟ್ಟವು. ಎರಡೂ ಸರ್ಕಾರಿ ಇಲಾಖೆಗಳ ವಿರುದ್ಧದವು. ಆದರೆ ಸಾಕ್ಷಿಯ ನಿಯಮ ಸಂಸ್ಥೆಗಳಿಗೂ ಒಂದೇ.

2002ರಲ್ಲಿ ಅರಣ್ಯ ಇಲಾಖೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ದುಡಿದೆ ಎನ್ನುವವನೇ ಅದನ್ನು ಸಾಬೀತು ಮಾಡಬೇಕು, ಅವನದೊಂದು ಪ್ರಮಾಣಪತ್ರ ಸಾಲದು ಎಂದಿತು. ಕಾರ್ಮಿಕ ಸೋತ. 2005ರಲ್ಲಿ ಇನ್ನೊಬ್ಬ ದಿನಗೂಲಿ ನೌಕರನ ಪ್ರಕರಣ. ಅವನ ಕೈಯಲ್ಲಿ ಇಲಾಖೆಯ ಎಂಜಿನಿಯರ್ ಕೊಟ್ಟ ಒಂದು ಸರ್ಟಿಫಿಕೇಟ್ ಇತ್ತು. ಎಷ್ಟು ದಿನ ದುಡಿದ ಎಂದು ಅದರಲ್ಲಿ ಬರೆದಿತ್ತು. ಅವನು ಗೆದ್ದ. ಇಬ್ಬರ ನಡುವಿನ ದೊಡ್ಡ ವ್ಯತ್ಯಾಸ ಒಂದು ಹಾಳೆ.

ಗೌರವಧನದವರ ಮಾನ

ಸಂಬಳದ ಮಾತು ಒಂದು ಕಡೆ. ಇನ್ನೊಂದು ಕಡೆ ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಸುರಕ್ಷತೆ. ರಾಜಸ್ಥಾನದ ಭಟೇರಿ ಗ್ರಾಮದಲ್ಲಿ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ಕಾರ್ಯಕರ್ತೆಯೊಬ್ಬರು ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಲಸ ಮಾಡಿದ್ದಕ್ಕೇ ಬಂದ ಅಪಾಯ ಅದು. ಆದರೆ ಅವರನ್ನು ರಕ್ಷಿಸುವ ಹೊಣೆ ಯಾರದೂ ಆಗಿರಲಿಲ್ಲ. ವಿಶಾಖಾ ಮತ್ತಿತರ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರಲ್ಲಿ ವಿಶಾಖಾ ಮಾರ್ಗಸೂಚಿ ಬಂತು, 2013ರಲ್ಲಿ ಕಾಯ್ದೆಯೇ ಆಯಿತು.

ಈ ಕಾಯ್ದೆ 'ನಾವು ಸೇವಾ ಸಂಸ್ಥೆ' ಎಂಬ ಮಾತಿಗೆ ಜಾಗವನ್ನೇ ಬಿಟ್ಟಿಲ್ಲ. ಸಂಘ, ಟ್ರಸ್ಟ್, ಸ್ವಯಂಸೇವಾ ಸಂಸ್ಥೆ ಎಂದು ಹೆಸರು ಹಿಡಿದೇ ಹೇಳಿದೆ. ಸಂಬಳ ಇಲ್ಲದ ಸ್ವಯಂಸೇವಕಿಗೂ ಅನ್ವಯಿಸುತ್ತದೆ. 10 ಅಥವಾ ಹೆಚ್ಚು ಜನ ಇದ್ದರೆ ಆಂತರಿಕ ದೂರು ಸಮಿತಿ ಮಾಡಲೇಬೇಕು. ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. 10ಕ್ಕಿಂತ ಕಡಿಮೆ ಜನ ಇದ್ದರೆ, ಅಥವಾ ದೂರು ಸಂಸ್ಥೆಯ ಮುಖ್ಯಸ್ಥನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆ ನಡೆದ ಮೂರು ತಿಂಗಳ ಒಳಗೆ ಬರೆದು ಕೊಡಬೇಕು.

ಮತ್ತೆ ತಿರುಗಿದ ಗಾಳಿ

1978ರ ತೀರ್ಪು ಅತಿಯಾಯಿತು ಎನ್ನುವವರು ಸುಮ್ಮನಿರಲಿಲ್ಲ. 2005ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಮತ್ತೆ ನೋಡಬೇಕು ಎಂದಿತು. 2017ರಲ್ಲಿ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು.

ಅಷ್ಟರಲ್ಲಿ ಸಂಸತ್ತು 2020ರಲ್ಲಿ ಕೈಗಾರಿಕಾ ಸಂಬಂಧ ಸಂಹಿತೆ ಮಾಡಿತು. 2025ರ ನವೆಂಬರ್ 21ರಂದು ಅದು ಜಾರಿಗೆ ಬಂತು. ಪೂರ್ತಿಯಾಗಿ ಅಥವಾ ಬಹುಪಾಲು ಧರ್ಮಾರ್ಥ, ಸಾಮಾಜಿಕ, ಪರೋಪಕಾರಿ ಸೇವೆಯಲ್ಲಿರುವ ಸಂಘಟನೆಗಳು ನಡೆಸುವ ಸಂಸ್ಥೆಗಳನ್ನು ಈ ಸಂಹಿತೆ ಕೈಗಾರಿಕೆಯ ಅರ್ಥದಿಂದ ಹೊರಗಿಟ್ಟಿದೆ. 1982ರಲ್ಲಿ ಬರೆದು ಜಾರಿಯಾಗದೆ ಉಳಿದ ಮಾತು ನಲವತ್ತು ವರ್ಷ ದಾಟಿ ಜಾರಿಗೆ ಬಂದ ಹಾಗಾಯಿತು.

ಹಾಗಾದರೆ ಟ್ರಸ್ಟಿನ ಆಯಾಗೆ ಏನು ಉಳಿಯಿತು? ಹೊರಗಿಟ್ಟದ್ದು ಆ ಒಂದು ಸಂಹಿತೆಯ ಮಟ್ಟಿಗೆ. ಲೈಂಗಿಕ ಕಿರುಕುಳದ ಕಾಯ್ದೆ ಹಾಗೇ ಇದೆ. 10 ಜನಕ್ಕೆ ಗ್ರಾಚುಟಿ, 20 ಜನಕ್ಕೆ ಪಿಎಫ್ ಎಂಬ ಲೆಕ್ಕ ಬೇರೆ ಸಂಹಿತೆಯಲ್ಲಿದೆ. ಅದೇ ದಿನ ಜಾರಿಗೆ ಬಂದ ಇನ್ನೊಂದು ಸಂಹಿತೆ ನೇಮಕಾತಿ ಪತ್ರ ಕೊಡುವುದು ಉದ್ಯೋಗದಾತರ ಕರ್ತವ್ಯ ಎಂದಿದೆ. ಆದರೆ ತೆಗೆದುಹಾಕಿದಾಗ ನೋಟಿಸ್ ಮತ್ತು ಪರಿಹಾರಕ್ಕೆ ಇದ್ದ ಹಳೆಯ ಆಸರೆ ಸಡಿಲವಾಗಿದೆ. ಇನ್ನು ಅಂಥ ಜಗಳ ಬಂದರೆ ಮೊದಲು ನೋಡುವುದು ಇಬ್ಬರೂ ಸಹಿ ಹಾಕಿದ ಪತ್ರದಲ್ಲಿ ಏನಿದೆ ಎಂದು.

ಆದ್ದರಿಂದ ಕೆಲಸಕ್ಕಿರುವವರಿಗೆ ನಾವು ಹೇಳುವುದಿಷ್ಟು. ನೇಮಕಾತಿ ಪತ್ರ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಸಂಬಳ, ಅವಧಿ, ನೋಟಿಸಿನ ದಿನ ಇದೆಯಾ ನೋಡಿ. ಹಾಜರಿ ಪುಸ್ತಕದ ಪುಟ, ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ ಇವುಗಳ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ.

ಸಂಸ್ಥೆ ನಡೆಸುವವರಿಗೂ ಮಾತಿದೆ. ಸ್ವಯಂಸೇವಕರು ಯಾರು, ಸಂಬಳದವರು ಯಾರು ಎಂದು ಬೇರೆ ಬೇರೆ ಬರೆದಿಡಿ. ದಿನವಿಡೀ ದುಡಿಸಿ ಕೊಡುವ ಹಣಕ್ಕೆ ಗೌರವಧನ ಎಂದು ಹೆಸರಿಟ್ಟರೆ ಕೆಲಸದ ಸ್ವರೂಪ ಬದಲಾಗುವುದಿಲ್ಲ. ಯಾರದಾದರೂ ತಪ್ಪು ಕಂಡರೆ ಏನು ತಪ್ಪು ಎಂದು ಬರೆದು ತಿಳಿಸಿ, ಅವರ ಉತ್ತರ ಕೇಳಿ, ಆಮೇಲೆ ತೀರ್ಮಾನ ಮಾಡಿ ಅದನ್ನೂ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಇದಕ್ಕೆ ಖರ್ಚಿಲ್ಲ. ಜಲಮಂಡಳಿಯ ನೌಕರರು ಕೋರ್ಟಿನಲ್ಲಿ ಮೊದಲು ಎತ್ತಿದ ದೂರೂ ಇದೇ ಆಗಿತ್ತು, ನಮ್ಮ ಮಾತು ಸರಿಯಾಗಿ ಕೇಳದೆ ದಂಡ ಹಾಕಿದರು ಎಂದು. ಆ ದೂರು ಆರು ವರ್ಷ ನಡೆದು ಏಳು ನ್ಯಾಯಮೂರ್ತಿಗಳವರೆಗೆ ಹೋಯಿತು.