ಕೇಪರ್‌ನ ನಮ್ಮೂರ ನಂಟ: ಆದೊಂಡ ಕಾಯಿ

ಪಟ್ಟಣದ ದೊಡ್ಡ ಅಂಗಡಿಗಳಲ್ಲಿ ಈಗ ಉಪ್ಪುನೀರಲ್ಲಿ ನೆನೆಸಿದ 'ಕೇಪರ್' ಬಾಟಲಿ ಸಿಗುತ್ತದೆ. ಅದು ಕಾಯಿಯಲ್ಲ, ಅರಳದ ಹೂಮೊಗ್ಗು. ಮೆಡಿಟರೇನಿಯನ್ ಸೀಮೆಯ ಕಲ್ಲುನೆಲದಲ್ಲಿ ಬೆಳೆಯುವ ಗಿಡದ್ದು. ಅದೇ ಕುಲದ ಮುಳ್ಳುಬಳ್ಳಿ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯ ಬೇಲಿಗೂ ಹೊಸದಲ್ಲ. ತೆಲುಗಿನಲ್ಲಿ ಆದೊಂಡ, ಮರಾಠಿಯಲ್ಲಿ ವಾಘಾಟಿ. ಮಹಾರಾಷ್ಟ್ರದಲ್ಲಿ ಆಷಾಢ ಏಕಾದಶಿಯ ಮರುದಿನ ಉಪವಾಸ ಬಿಡುವಾಗ ಇದರ ಪಲ್ಯ ಮಾಡುವ ರೂಢಿಯಿದೆ.

ಗುರುತು: ಕೊಕ್ಕೆಯಂಥ ಜೋಡಿ ಮುಳ್ಳು, ಬಿಳಿಯಾಗಿ ಅರಳಿ ಕೆಂಪಿಗೆ ತಿರುಗುವ ಹೂ, ಹೊರಚಾಚಿದ ಉದ್ದ ಕೇಸರಗಳು, ನಿಂಬೆಯಷ್ಟು ದುಂಡನೆಯ ಹಸಿರು ಕಾಯಿ. ಕನ್ನಡದ ಹೆಸರು ಊರಿಂದೂರಿಗೆ ಬೇರೆ. ಹಾಗಾಗಿ ಹೆಸರೊಂದನ್ನೇ ನಂಬಬೇಡಿ, ಬಲ್ಲ ಹಿರಿಯರಿಗೆ ತೋರಿಸಿಯೇ ತನ್ನಿ. ಗುರುತು ಸಿಗದ ಕಾಡುಕಾಯಿ ತಿನ್ನಬಾರದು.

ಕಹಿ ತೆಗೆಯುವುದು: ಎಳೆಗಾಯಿ 10-12 ತೆಗೆದುಕೊಂಡು ಸೀಳಿ, ಗಟ್ಟಿ ಬೀಜ ತೆಗೆಯಿರಿ. ಉಪ್ಪುನೀರಲ್ಲಿ ಹತ್ತು ನಿಮಿಷ ಕುದಿಸಿ ನೀರು ಚೆಲ್ಲಿ. ಆಮೇಲೆ ಹುಳಿಮಜ್ಜಿಗೆಯಲ್ಲಿ ಒಂದು ತಾಸು ನೆನೆಸಿ ಹಿಂಡಿ. ಕಹಿ ಪೂರ್ತಿ ಹೋಗದು, ಹೋಗಲೂಬಾರದು.

ಪಲ್ಯ: ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಬೆಳ್ಳುಳ್ಳಿ, ಉಳ್ಳಾಗಡ್ಡಿ ಹುರಿದು ಕಾಯಿ ಹಾಕಿ. ಖಾರದಪುಡಿ, ಅರಿಶಿಣ, ಉಪ್ಪು, ಹುಣಸೆರಸ, ಚೂರು ಬೆಲ್ಲ ಸೇರಿಸಿ. ಕೊನೆಗೆ ಶೇಂಗಾಪುಡಿ ಉದುರಿಸಿ ಜೋಳದ ರೊಟ್ಟಿಯ ಜೊತೆ ಉಣ್ಣಿ. ಪುಡಿಯ ಬದಲು ಬೇಯಿಸಿದ ಬೇಳೆಯಲ್ಲಿ ಕಲಸಿದರೂ ಚೆನ್ನ. 2022ರಲ್ಲಿ ಜಿಐ ಮಾನ್ಯತೆ ಪಡೆದ ತೊಗರಿ ನಮ್ಮ ತಾಂಡೂರಿನದೇ ಅಲ್ಲವೇ!

ಬಾಟಲಿಯ ಕೇಪರ್: ಬಲು ಉಪ್ಪು. ಎರಡು ಸಲ ತೊಳೆದು, ಒಲೆಯಿಂದ ಇಳಿಸುವ ಮುಂಚೆ ಒಂದು ಚಮಚ ಹಾಕಿದರೆ ಸಾಕು. ಆಲೂಗಡ್ಡೆ ಪಲ್ಯ, ಟೊಮೆಟೊ ಗೊಜ್ಜಿಗೆ ಹೊಂದುತ್ತದೆ. ಅಡುಗೆಗೆ ಬೇರೆ ಉಪ್ಪು ಕಡಿಮೆ ಹಾಕಿ.

ಬೇಲಿ ಕಡಿದು ತಂತಿ ಹಾಕುವ ಕಾಲವಿದು. ಬಳ್ಳಿ ಹೋದರೆ ಅಡುಗೆ ಹೋಗುತ್ತದೆ, ಅಡುಗೆಯ ಹಿಂದೆ ಅದರ ಕನ್ನಡ ಹೆಸರೂ ಹೋಗುತ್ತದೆ. ಹೊಲದ ಬದುವಿನಲ್ಲಿ ಒಂದಾದರೂ ಬಳ್ಳಿ ಉಳಿಸೋಣ, ಕೀಳುವಾಗ ನಾಲ್ಕು ಕಾಯಿ ಹಣ್ಣಾಗಲು ಬಿಡೋಣ. ನಿಮ್ಮ ಮನೆಯ ಅಜ್ಜಿ ಇದನ್ನು ಏನೆಂದು ಕರೆಯುತ್ತಾರೆ? ಊರಿನ ಹೆಸರಿನೊಂದಿಗೆ ನಮಗೆ ಬರೆದು ತಿಳಿಸಿ.